ಹೆಚ್ಚಾದ ಎಣ್ಣೆ

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಅಮ್ಮ ಕಾರಿನ ಬಾನೆಟ್ ಎತ್ತುವ ಮುಂಚೆ ಸೋಪು ಹಚ್ಚಿ ಕೈ ತೊಳೆದಳು. ಎಲ್ಲರೂ ಆಮೇಲೆ ತೊಳೆಯುತ್ತಾರೆ. ರೋಗಿಯನ್ನು ಮುಟ್ಟುವ ಮುಂಚಿನ ಅಭ್ಯಾಸ, ನರ್ಸಮ್ಮನ ಕೈ ಬಿಡುವುದಿಲ್ಲ. ನಿನ್ನ ಕಾಗದ ಬಂದು ಹತ್ತು ದಿನವಾಯಿತು, ಬೈಕೋಬೇಡ. ನೀನು, ಭಾವ, ಮಗು ಚೆನ್ನಾಗಿದ್ದೀರಿ ತಾನೆ?

ನೀನು ಬರೆದದ್ದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಲಿಲ್ಲ. ನೀವು ಕೊಟ್ಟ ಕಾರಿನ ಆಯಿಲ್ ಕೆಟ್ಟಿದೆ ಎಂದು ಸರ್ವಿಸ್‌ನವರು ನಿಮಗೆ ಕಳಿಸಿದ ವರದಿ ನೋಡಿ, ಅಮ್ಮನಿಗೆ ಟರ್ಬೊ ಗಾಡಿ ಓಡಿಸಲು ಬರುವುದಿಲ್ಲ, ಎಂಜಿನ್ ಕೈಕೊಡುವ ಮುಂಚೆ ವಾಪಸ್ ತರಿಸೋಣ ಎಂದರಂತಲ್ಲ ಭಾವ. ಕಾರು ಹೋದರೆ ಅಮ್ಮ ತಾನು ನೋಡುವ ಹನ್ನೆರಡು ಮನೆಗಳಲ್ಲಿ ಐದನ್ನು ಬಿಡಬೇಕು. ಆ ಐದರಲ್ಲಿ ಇಬ್ಬರು ಹಾಸಿಗೆಯಿಂದ ಏಳದವರು.

ಬೆಳಿಗ್ಗೆ ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು. ಒಂದು ಹನಿಯೂ ಇಳಿದಿಲ್ಲ, ಏರಿದೆ ಎಂದು ಅಮ್ಮ ಬೀಗಿದಳು. ಹಾಗೇ ಬೀದಿ ಕೊನೆಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನನ್ನ ಮೂಗಿಗೆ ಹಿಡಿದರು. ಪೆಟ್ರೋಲ್ ವಾಸನೆ.

ದಿನಾ ಎಲ್ಲೆಲ್ಲಿ ಓಡಿಸುತ್ತೀರಿ ಎಂದು ಕೇಳಿದರು. ಅಮ್ಮ ಲೆಕ್ಕ ಕೊಟ್ಟಳು: ಮೂರು ನಿಮಿಷ ಓಡಿಸಿ ಒಂದು ಮನೆ, ಎಂಜಿನ್ ಆಫ್. ಮತ್ತೆ ನಾಲ್ಕು ನಿಮಿಷ, ಇನ್ನೊಂದು ಮನೆ. ಕೊನೆಯದು ದಿಬ್ಬದ ತುದಿಯಲ್ಲಿ, ಹತ್ತಿದ ಕೂಡಲೇ ಆಫ್. ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲವಂತೆ, ಅದಕ್ಕೇ ಎಣ್ಣೆಗೆ ಇಳಿದ ಪೆಟ್ರೋಲು ಆವಿಯಾಗದೆ ಅಲ್ಲೇ ಉಳಿದು ಎಣ್ಣೆ ತೆಳ್ಳಗಾಗುತ್ತದಂತೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಗಿರ್ರನೆ ತಿರುಗುವುದು ಆ ಎಣ್ಣೆಯ ಪದರದ ಮೇಲೇ. ದಿಬ್ಬ ಹತ್ತಿ ಕಾದ ಟರ್ಬೊವನ್ನು ತಕ್ಷಣ ನಿಲ್ಲಿಸಿದರೆ ಒಳಗಿನ ಎಣ್ಣೆ ಸುಟ್ಟು ಕರಿಗಟ್ಟುತ್ತದೆ, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ ಎಂದರು.

“ಸಿಸ್ಟರ್, ತಪ್ಪು ನಿಮ್ದಲ್ಲ, ಗಾಡೀದೂ ಅಲ್ಲ. ನಿಮ್ಮ ದಾರಿದು.”

“ಕೂಸುಗಳ ತೂಕ ಏರಿದ್ರೆ ಖುಷಿಪಡೋಳು ನಾನು. ಎಣ್ಣೆ ಏರಿದ್ದಕ್ಕೂ ಖುಷಿಪಟ್ಟೆನಲ್ಲ” ಎಂದು ಅಮ್ಮ ತನ್ನನ್ನೇ ಹಂಗಿಸಿಕೊಂಡಳು. ಆಮೇಲೆ ಪುಟ್ಟ ಪುಸ್ತಕ ತೆಗೆದು, ರೋಗಿಯ ಔಷಧಿ ಬರೆದುಕೊಳ್ಳುವ ಹಾಗೆ ಒಂದೊಂದನ್ನೂ ಬರೆದುಕೊಂಡಳು. ಐವತ್ತೊಂದನೇ ವಯಸ್ಸಲ್ಲಿ ಡ್ರೈವಿಂಗ್ ಕಲಿತವಳು ಅಕ್ಕ, ಎರಡು ವರ್ಷದಲ್ಲಿ ಒಂದು ಗೀಚೂ ಬಿದ್ದಿಲ್ಲ. ಅಲ್ಲಿ ನಿಂತು ನೋಡುತ್ತ ನನಗೆ ಎದೆ ಉಬ್ಬಿತು.

ಭಾವನಿಗೆ ಹೇಳು, ಕಾರಿನ ಕೈಪಿಡಿಯಲ್ಲಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ಎಂಬ ಸಾಲಿನ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಿದೆ. ಚಿಕ್ಕ ಚಿಕ್ಕ ಓಡಾಟ, ಧೂಳು, ಏರು ಇದ್ದರೆ ಅರ್ಧಕ್ಕೇ ಎಣ್ಣೆ ಬದಲಿಸಬೇಕು. ಸಾಹಿತ್ಯ ಓದಿ ಏನು ಬಂತು ಅಂತ ಕೇಳುತ್ತಿದ್ದರಲ್ಲ, ಅಡಿಟಿಪ್ಪಣಿ ಓದುವುದು ಬಂತು. ಇವತ್ತೇ ಹೊಸ ಎಣ್ಣೆ ಹಾಕಿಸಿದೆವು. ದಯವಿಟ್ಟು ಕಾರು ಕೇಳಬೇಡಿ.

ವಾರಕ್ಕೊಮ್ಮೆ ದೊಡ್ಡ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಬೇಕಂತೆ. “ಹಿರೇ ಮಗಳ ಮನೆ ಅದೇ ರಸ್ತೇಲಲ್ವಾ? ಕಾರಲ್ಲಿ ಒಮ್ಮೆನೂ ಹೋಗಿಲ್ವಾ?” ಎಂದರು ಮೆಕ್ಯಾನಿಕ್. ಅಮ್ಮ ಗಡಿಯಾರ ನೋಡಿಕೊಂಡು, ಪುರುಸೊತ್ತೆಲ್ಲಿ ಎಂದಳು.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಎಂದು ಅಮ್ಮ ಹೇಳಿದ್ದಾಳೆ.

ನಿನ್ನ ತಂಗಿ

ಮರೆತ ಮಾತು: ಅಮ್ಮನಿಗೆ ಪುರುಸೊತ್ತಿದೆ, ಭಾನುವಾರ ಪೂರ್ತಿ ಇದೆ. ಭಾವನ ಆಫೀಸಿನವರು ಊಟಕ್ಕೆ ಬಂದಿದ್ದ ದಿನ ಅವಳು ಡ್ಯೂಟಿಯಿಂದ ಯೂನಿಫಾರ್ಮಿನಲ್ಲೇ ನಿಮ್ಮ ಮನೆಗೆ ಬಂದಳಲ್ಲ, ಯಾರಿವರು ಎಂದು ಒಬ್ಬರು ಕೇಳಿದಾಗ ನೀನು ‘ನಮಗೆ ಗೊತ್ತಿರೋ ನರ್ಸ್’ ಎಂದೆ. ಅಮ್ಮ, ಜೊತೆಗೆ ಬಂದಿದ್ದ ನಾನು, ಇಬ್ಬರೂ ಬಾಗಿಲಲ್ಲೇ ಇದ್ದೆವು. ಅಮ್ಮ ನಕ್ಕು, ಒಳಗೆ ಬಂದು, ಕೇಳಿದವರ ಬಿಪಿ ನೋಡಿಕೊಟ್ಟಳು. ಅದರ ಮುಂದಿನ ತಿಂಗಳೇ ನೀನು ಈ ಕಾರು ಕಳಿಸಿದೆ. ಹೋದ ವಾರ ನನಗೂ ಲೈಸೆನ್ಸ್ ಬಂತು. ಇನ್ನು ಪ್ರತಿ ಭಾನುವಾರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಮನೆಯ ತಿರುವಿನ ತನಕ ಬರುತ್ತೇನೆ, ಅಲ್ಲಿಂದ ವಾಪಸ್. ಕಾರನ್ನು ನಿಮ್ಮ ಬೀದಿಯೊಳಗೆ ತಿರುಗಿಸುವುದು, ನೀನು ರಸ್ತೆಗೆ ಬಂದು ನಾಲ್ಕು ಜನರೆದುರು ಅವಳನ್ನು ಅಮ್ಮ ಎಂದು ಕರೆದ ದಿನ.