ಹರಕೆಯ ಆಡಿನ ಮರಿ

ಆಗಸ್ಟ್ 21, ಗುರುವಾರ

ಮರಿ ಇವತ್ತು ತಾನಾಗಿ ಎದ್ದು ನಿಂತಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಮಗಳು ಕಾವೇರಿಗೆ ಡೆಂಗಿ ಬಂದಾಗ, ಅವಳು ಉಳಿದರೆ ದುರ್ಗವ್ವನಿಗೆ ಒಂದು ಮರಿ ಕಡಿಯುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಕಾವೇರಿ ಉಳಿದಳು. ಹರಕೆಗೆಂದು ಬಿಟ್ಟ ಮರಿಯೇ ಹೊಟ್ಟೆಯಲ್ಲಿ ಹುಳವಾಗಿ ನೆಲ ಹಿಡಿಯಿತು. ನಿಡಗುಂದಿಯ ದನದ ಡಾಕ್ಟರು ಅದರ ಕಣ್ಣಿನ ರೆಪ್ಪೆ ಮಗುಚಿ ನೋಡಿ, "ಮೈಯಾಗ ರಕ್ತಾನ ಇಲ್ರಿ, ಎಲ್ಲಾ ಹುಳಾ ಕುಡದುಬಿಟ್ಟಾವು" ಎಂದು ಔಷಧಿ ಕೊಟ್ಟರು. ಅದನ್ನು ಕುಡಿಸಿದವಳು ನಾನು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋಳದ ಗಂಜಿ ನೆಕ್ಕಿಸಿದವಳೂ ನಾನೇ. ಯಾತಕ್ಕೆ ಬದುಕಿಸುತ್ತಿದ್ದೇನೆಂದು ಗೊತ್ತಿದ್ದೇ ನೆಕ್ಕಿಸಿದೆ.

ಸಂಜೆ ಧೈರ್ಯ ಮಾಡಿ ಕೇಳಿದೆ. "ಅತ್ತಿ, ಇದನ್ನ ಕಡಿಯೂದು ಬ್ಯಾಡ್ರಿ."

ಅತ್ತೆ ಅದರ ಎಲುಬು ಎದ್ದ ಬೆನ್ನ ಮೇಲೆ ಕೈಯಾಡಿಸಿದರು.

"ಹುಳಾ ತಿಂದ ಜೀವ ದುರ್ಗವ್ವಗ ನಡಿಯಂಗಿಲ್ಲವ್ವಾ. ಇರ್ಲಿ ಬಿಡು, ನಿನ್ನ ಕೂಡ ಇರ್ಲಿ. ಮನಗೂಳಿ ಸಂತ್ಯಾಗ ಬ್ಯಾರೇದು ತರ್ತೇನಿ."

ನನಗೆ ಅಳುವೇ ಬಂತು. ಮರಿಯನ್ನು ಎದೆಗೆ ಅವುಚಿಕೊಂಡೆ. ಅದರ ಮೂಗು ತಣ್ಣಗೆ ನನ್ನ ಕುತ್ತಿಗೆಗೆ ತಾಗಿತು. ಅತ್ತೆ ಹೇಳಿದ ಕೊನೆಯ ಮಾತಿನ ಅರ್ಥ ನನಗೆ ಹೊಳೆದದ್ದು ಆಮೇಲೆ, ಪಾತ್ರೆ ತೊಳೆಯುವಾಗ.

ಆ ಬೇರೆ ಮರಿ ಈಗ ಯಾರದೋ ಹಟ್ಟಿಯಲ್ಲಿ ತಾಯಿಗೆ ಒತ್ತಿಕೊಂಡು ಮಲಗಿರುತ್ತದೆ. ಅದಕ್ಕೆ ಹುಳವಿಲ್ಲ. ಕಣ್ಣಿನ ರೆಪ್ಪೆಯೊಳಗೆ ರಕ್ತ ತುಂಬಿ ಕೆಂಪಗಿರುತ್ತದೆ, ಚೆನ್ನಾಗಿ ಮೇಯುತ್ತದೆ, ಆದ್ದರಿಂದಲೇ ಅದು ದುರ್ಗವ್ವನಿಗೆ ನಡೆಯುತ್ತದೆ. ಅದನ್ನೂ ಬೇಡ ಎಂದರೆ, ಹರಕೆ ಮಗಳದ್ದು, ಅವಳಿಗೆ ಏನಾದರೂ… ಮುಂದಿನದನ್ನು ಬರೆಯಲಾರೆ.