ಎಡಕ್ಕೆ ಕೂತ ಕೂಸು

ಇಚಲಕರಂಜಿ
೧೧-೨-೧೯೮೭

ಅಕ್ಕ ದುಂಡವ್ವಗೆ ತಮ್ಮ ಮಾಯಪ್ಪ ಮಾಡುವ ನಮಸ್ಕಾರಗಳು.

ನಿನ್ನ ಎರಡೂ ಕಾಗದ ಮುಟ್ಟಿವೆ. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ. ಬೈ, ನಿನ್ನ ಬೈಗುಳ ತಿಂದೇ ಬೆಳೆದವನು ನಾನು. ಬರೆಯಲು ಕೂತರೆ ಕೈ ಏಳಲಿಲ್ಲ, ಅದಕ್ಕೇ ತಡವಾಯಿತು. ನಿನ್ನ ಮಗಳು ಬೀರವ್ವನನ್ನೇ ಮದುವೆಯಾದ ಮೇಲೆ ನೀನು ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಇಬ್ಬರಲ್ಲಿ ಯಾರಿಗೆ ಬರೆಯಲಿ ಎಂಬುದೇ ತಿಳಿಯಲಿಲ್ಲ. ಇದನ್ನು ನೀನೇ ಓದಿಕೋ, ಯಾರ ಕೈಗೂ ಕೊಡಬೇಡ.

ಬಸುರಿಗೆ ಬಳೆ ಇಡಿಸಿ ಕುಬಸ ಮುಗಿಸಿಕೊಂಡು ನೇಸರಿಯ ನಿನ್ನ ಮನೆಯಿಂದ ಬಂದ ಮರುವಾರವೇ ಬೀರವ್ವ ರಕ್ತ ಕಾರಿದಳು. ಉಣ್ಣುತ್ತ ಕೂತವಳು, ತಾಟಿನ ಮೇಲೇ. ಪಕ್ಕದ ಮನೆಯ ಸಾವಕ್ಕ ಓಡಿ ಬಂದು, ಬಸುರಿಯ ಪಿತ್ತ, ಹೆದರಬೇಡ ಎಂದಳು. ಪಿತ್ತ ಕೆಂಪಗಿರುತ್ತದೇನು ಎಂದು ಆಕೆಯ ಮೇಲೆ ಒದರಿದೆ. ಮಗ್ಗದ ಮಾಲಕರ ಜೀಪು ಬೇಡಿಕೊಂಡು ಕೊಲ್ಹಾಪುರದ ದವಾಖಾನೆಗೆ ಒಯ್ದೆ. ಅಲ್ಲಿ ಬೇರೆಯವರ ರಕ್ತ ಏರಿಸಿದರು, ಕಾರುವುದು ನಿಂತಿತು.

ಡಾಕ್ಟರ್ ಪದ್ಮಕುಮಾರ ಹುಪರಿ ಕಡೆಯವರು, ಕನ್ನಡ ಬಲ್ಲವರು. ಹೊಟ್ಟೆ ಮುಟ್ಟಿ ನೋಡಿ ಮೊದಲು ಕೇಳಿದ್ದು, ಇವಳು ದಾರೂ ಕುಡಿಯುತ್ತಾಳೇನು ಎಂದು. ನನ್ನ ಸಿಟ್ಟು ನಿನಗೆ ಗೊತ್ತು. ಕುರಿ ಕಾಯುವ ಮನೆಯಲ್ಲಿ ಹಾಲು ಮಜ್ಜಿಗೆ ಕುಡಿದು ಬೆಳೆದವಳು ಇವಳು ಎಂದು ಜಗಳಕ್ಕೇ ನಿಂತೆ. ಅವರು ಬೇಸರಿಸಲಿಲ್ಲ. ಸೋನೋಗ್ರಾಫಿ ಎಂಬ ಹೊಸ ಯಂತ್ರ ಬಂದಿದೆ, ಮೊದಲಾದರೆ ಪಕ್ಕೆಗೆ ಸೂಜಿ ಚುಚ್ಚಿ ಔಷಧ ಬಿಟ್ಟು ಫೋಟೋ ತೆಗೆಯಬೇಕಿತ್ತು, ಈಗ ಹೊಟ್ಟೆಯ ಮೇಲೆ ಹಿಡಿದರೆ ಸಾಕು, ನೋವಿಲ್ಲ ಎಂದರು.

ಆ ಕೋಣೆಯ ಹೊರಗೆ ಬಾಕಿನ ಮೇಲೆ ಕೂತವರೆಲ್ಲ ಬಸುರಿಯರೇ. ಒಬ್ಬಾಕೆ ಬೀರವ್ವನ ಹಸಿರು ಬಳೆ ನೋಡಿ, ಎಷ್ಟನೇ ತಿಂಗಳು ಎಂದು ಮರಾಠಿಯಲ್ಲಿ ಕೇಳಿದಳು. ಬೀರವ್ವ ನಕ್ಕು ಏಳನೆಯದು ಎಂದಳು.

ಒಳಗೆ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರದ ಹಿಡಿಕೆ ಆಡಿಸಿದರು. ಟೀವಿಯಂಥ ಪರದೆಯ ಮೇಲೆ ಬೂದಿ ಬಣ್ಣ ಕದಡಿತು. ನಾನು ತಲೆ ಹುಡುಕುತ್ತಿದ್ದೆ, ಅಕ್ಕ. ಕುಬಸದ ದಿನ ನೀನೂ ಸೂಲಗಿತ್ತಿ ಮುಕ್ತಾಬಾಯಿಯೂ ಕೈಯಿಟ್ಟು ನೋಡಿ, ಎಡಗಡೆ ಗಟ್ಟಿ ಹತ್ತುತ್ತದೆ, ಅದೇ ತಲೆ, ಎಡಕ್ಕೆ ಕೂತರೆ ಹೆಣ್ಣು ಎಂದಿರಲ್ಲ, ಆ ತಲೆ. ದಿನಾ ಪಾಳಿ ಮುಗಿಸಿ ಬಂದು ಅಲ್ಲೇ ಕೈಯಿಟ್ಟು ನಾನು ಮಗಳನ್ನು ಮಾತಾಡಿಸುತ್ತಿದ್ದೆ.

"ಕೂಸಿಲ್ಲ ತಂಗಿ," ಎಂದರು ಡಾಕ್ಟರು. "ಹೊಟ್ಟ್ಯಾಗ ನೀರ ತುಂಬೈತಿ. ಎಡಕ್ಕ ಗಟ್ಟಿ ಹತ್ತೂದು ಗುಲ್ಮ, ಎಡಪಕ್ಕಿ ಒಳಗಿನ ಅಂಗ, ಬಾತೈತಿ."

ಬೀರವ್ವ ಅಳಲಿಲ್ಲ. ಸೆರಗಿನಿಂದ ಹೊಟ್ಟೆಯ ಅಂಟು ಒರೆಸಿಕೊಂಡಳು.

ಆಮೇಲೆ ನನ್ನೊಬ್ಬನನ್ನೇ ಕೂಡಿಸಿ ತಿಳಿಸಿ ಹೇಳಿದರು. ಲಿವರ್ ಗಟ್ಟಿಯಾಗಿದೆ. ಅದಕ್ಕೆ ರಕ್ತ ಒಯ್ಯುವ ನರ ಒತ್ತಡಕ್ಕೆ ಹೆಬ್ಬೆರಳಷ್ಟು ಉಬ್ಬಿದ್ದನ್ನು ಪರದೆಯ ಮೇಲೆ ಆಗಲೇ ತೋರಿಸಿದ್ದರು. ಮುಂದೆ ದಾರಿ ಸಿಗದ ರಕ್ತ ಅನ್ನನಾಳದ ಸಣ್ಣ ನರಗಳಿಗೆ ನುಗ್ಗಿ ಅವು ಒಡೆಯುತ್ತವಂತೆ. ಕಬ್ಬಿಗೆ ನೀರು ಹಾಯಿಸುವಾಗ ಮುಂದೆ ಕಟ್ಟಿಕೊಂಡರೆ ಒಡ್ಡು ಒಡೆಯುವುದಿಲ್ಲವೇ, ಹಾಗೆ. ಮತ್ತೆ ಒಡೆಯುತ್ತದೆ, ಯಾವಾಗ ಎಂದು ಹೇಳಲಾಗದು. ಲಿವರ್ ಕೆಟ್ಟರೆ ಮುಟ್ಟೂ ನಿಲ್ಲಬಹುದಂತೆ, ಕಾಲೂ ಬಾಯುತ್ತವಂತೆ. ನಾವು ಬೆಳ್ಳಗಿದ್ದದ್ದೆಲ್ಲ ಹಾಲೆಂದುಕೊಂಡೆವು. ಮುಂಬಯಿಗೆ ಒಯ್ದು ಆಪರೇಷನ್ ಮಾಡಿಸಲೇ ಎಂದು ಕೇಳಿದೆ. ಇವಳ ಲಿವರ್ ಅದನ್ನು ತಾಳುವುದಿಲ್ಲ, ಮನೆಗೆ ಕರೆದೊಯ್ಯಿರಿ, ತಾಯಿಯನ್ನು ಕರೆಸಿಕೊಳ್ಳಿರಿ ಎಂದರು. ಕರೆತಂದಿದ್ದೇನೆ.

ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಮುಕ್ತಾಬಾಯಿಯ ಕೈ ಮುರಿಯಬೇಕೆನಿಸಿತ್ತು. ಈಗ ಅದಕ್ಕೂ ತ್ರಾಣವಿಲ್ಲ. ರಾತ್ರಿ ಪಾಳಿ ಬಿಟ್ಟು ಅವಳ ಹತ್ತಿರವೇ ಇದ್ದೇನೆ. ಸಾವಕ್ಕ ಎರಡು ಹೊತ್ತೂ ಗಂಜಿ ತಂದುಕೊಡುತ್ತಾಳೆ. ನಾನು ಅಷ್ಟು ಬೈದರೂ ತರುತ್ತಾಳೆ.

ಈ ಕಾಗದ ಮುಟ್ಟಿದ ಕೂಡಲೇ ಗಡಹಿಂಗ್ಲಜ ಮೇಲೆ ಬರುವ ಬಸ್ಸು ಹಿಡಿದು ಬಾ. ನಿನ್ನ ಮಗ ಕೃಷ್ಣಾತನಿಗೆ ನನ್ನ ಆಶೀರ್ವಾದ, ಕುರಿಗಳನ್ನು ಅವನು ನೋಡಿಕೊಳ್ಳಲಿ. ಬೀರಪ್ಪ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿನ್ನ ಕೈ ನಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನ ತಮ್ಮ
ಮಾಯಪ್ಪ

ತಾ.ಕ.: ಬೀರವ್ವನಿಗೆ ಮೊದಲೇ ಗೊತ್ತಿತ್ತು. ಹೊಟ್ಟೆಯೊಳಗೆ ಒಮ್ಮೆಯೂ ಏನೂ ಮಿಸುಕಲಿಲ್ಲವಂತೆ. ಬಳೆ ಇಡಿಸುವಾಗ ನಿನ್ನ ಮುಖದ ನಗು ನೋಡಿ ಬಾಯಿ ಬಿಡಲಿಲ್ಲವಂತೆ. ಆ ಬಳೆ ಇನ್ನೂ ತೆಗೆದಿಲ್ಲ. ನಾನು ಇದನ್ನು ಬರೆಯಲು ಕೂತಾಗ ಕೈ ಹಿಡಿದಳು. "ಮಾಮಾ, ಕೂಸು ಇರಲೇ ಇಲ್ಲಂತ ಅವ್ವಗ ಬರೀಬ್ಯಾಡ. ಇತ್ತು, ಹೊಟ್ಟ್ಯಾಗ ಹೋತು ಅಂತ ಬರಿ. ಬಂಜಿ ಅನಿಸಿಕೊಂಡು ಸಾಯೂದು ಬ್ಯಾಡ ನಂಗ." ಹಾಗೇ ಬರೆದಿದ್ದೇನೆ ಎಂದು ಅವಳಿಗೆ ಹೇಳಿದೆ. ಊರಲ್ಲಿ ನೀನೂ ಹಾಗೇ ಹೇಳು. ಇಲ್ಲಿಗೆ ಬಂದಾಗ ಅವಳ ಮುಂದೆ ಕೂತು ಕೂಸಿಗಾಗಿ ಅಳು.