ಅಂಗೈ ಮೇಲೆ ಓಡಿದ ವಾಚು

ಶನಿವಾರ, ಮಧ್ಯಾಹ್ನ

ನನ್ನ ಚಿನಕುರಳಿಗೆ,

ಊಟ ಆಯಿತಾ ಅಂತ ಕೇಳುವುದಿಲ್ಲ, ಆಗಿರುವುದಿಲ್ಲ ಅಂತ ಗೊತ್ತು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ವಕೀಲೆ, ನಾನು ಎರಡು ಮಾತಾಡುವಷ್ಟರಲ್ಲಿ ಪಾಟೀಸವಾಲು ಶುರು ಮಾಡುತ್ತೀ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಅಕ್ಷರ ಬರುಬರುತ್ತಾ ಇರುವೆಯಷ್ಟಾದರೆ ಬೈಯಬೇಡ, ಕಾರಣ ಹೇಳುತ್ತೇನೆ.

ವಾಚಿನ ವಿಷಯ. ಅಡುಗೆಮನೆ ರಿಪೇರಿಗೆ ಎತ್ತಿಟ್ಟ ದುಡ್ಡನ್ನೆಲ್ಲ ಹೆಸರೇ ಕೇಳದ ಕಂಪನಿಯ ವಾಚಿಗೆ ಸುರಿಯುತ್ತೀಯಾ, ಅಷ್ಟು ಕೊಡುವುದಾದರೆ ನಾಲ್ಕು ಜನ ಗುರುತು ಹಿಡಿಯುವಂಥದ್ದನ್ನಾದರೂ ತಗೋ ಅಂದೆ ನೀನು. ನಿನ್ನ ಅಪ್ಪ ಅಷ್ಟೂ ಹೇಳಲಿಲ್ಲ. ಗೋಡೆಯ ಗಡಿಯಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಪೇಪರ್ ಮಡಚಿದರು.

ಅದು ನನ್ನ ಕಣ್ಣಿಗೆ ಬಿದ್ದ ಬಗೆ ಕೇಳು. ವಾಚಿನಂಗಡಿಯ ಯಜಮಾನಿಗೆ ಮುಂದಿನ ಹಲ್ಲು ಮಾಡಿಕೊಟ್ಟವಳು ನಾನು. ಹಲ್ಲಿನ ಡಾಕ್ಟರು ಅಚ್ಚು ಕಳಿಸುತ್ತಾರೆ, ನಮ್ಮ ಲ್ಯಾಬಿನಲ್ಲಿ ಹಲ್ಲು ತಯಾರಾಗುತ್ತದೆ, ಹಾಕಿಸಿಕೊಂಡವರ ಮುಖ ನಾವು ನೋಡುವುದೇ ಅಪರೂಪ. ಈಕೆ ನಮ್ಮನ್ನು ಹುಡುಕಿಕೊಂಡು ಬಂದು, ಬಾಯಿ ತುಂಬ ನಕ್ಕು, ಇದರಲ್ಲಿ ನಿಮ್ಮದು ಯಾವುದು ಹೇಳಿ ನೋಡೋಣ ಅಂದರು. ಅಂಗಡಿಗೆ ಬನ್ನಿ, ನಿಮ್ಮಂಥವರು ನೋಡಲೇಬೇಕಾದ್ದು ಒಂದಿದೆ ಅಂತ ಕರೆದರು.

ಮುಂದಿನಿಂದ ನೋಡಿದರೆ ಸಾದಾ ವಾಚು. ಬೂದು ಮುಖ, ಸಪೂರ ಮುಳ್ಳು. ಎಲ್ಲೋ ಬೆಟ್ಟದ ಬುಡದ ಸಣ್ಣ ಕಾರ್ಖಾನೆಯದಂತೆ, ಜಾಹೀರಾತಿಗೆ ದುಡ್ಡು ಸುರಿಯದ ಜನವಂತೆ. ಯಜಮಾನಿ ಅದನ್ನು ಮಗುಚಿದರು. ಹಿಂಬದಿ ಪೂರ್ತಿ ಗಾಜು. ಕೆಲಸದ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದೆ. ಮಗಳೇ, ಅದೇನು ಕೆಲಸ! ಕೂದಲೆಳೆಯಂಥ ಅಂಚುಗಳನ್ನೂ ಕನ್ನಡಿಯ ಹಾಗೆ ಉಜ್ಜಿದ್ದಾರೆ. ಚಕ್ರದ ಅಡಿಗೆ ಹೋಗಿ ಅವಿತ ಮೂಲೆಯನ್ನೂ ಬಿಟ್ಟಿಲ್ಲ. ನಾನು ದವಡೆ ಹಲ್ಲಿಗೆ ಸಣ್ಣ ಸಣ್ಣ ಗೀರು ಕೆತ್ತುವಾಗ, ಅಲ್ಲಿಗೆ ಯಾರು ಟಾರ್ಚ್ ಹಿಡಿದು ನೋಡುತ್ತಾರಮ್ಮಾ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಆ ಕಾರ್ಖಾನೆಯವರನ್ನೂ ಯಾರ ಮಗಳೋ ಹಾಗೇ ಕೇಳಿರಬೇಕು.

ಇನ್ನು ಬಚ್ಚಿಟ್ಟಿದ್ದನ್ನು ಹೇಳುತ್ತೇನೆ. ಎದ್ದು ಓಡಾಡಬೇಡ, ಕೂತೇ ಓದು. ನನ್ನ ಬಲಗೈ ನಡುಗುತ್ತದೆ. ಮೊದಲು ಹೆಬ್ಬೆರಳು ಮಾತ್ರ ಅದುರುತ್ತಿತ್ತು, ಈಗ ಅಂಗೈಯೇ ಅದುರುತ್ತದೆ. ನರದ ಕಾಯಿಲೆ, ಜೀವಕ್ಕೆ ಹೆದರಬೇಕಿಲ್ಲ, ಮಾತ್ರೆಯಿಂದ ಹಿಡಿತದಲ್ಲಿಡಬಹುದು, ಪೂರ್ತಿ ವಾಸಿಯಾಗುವುದಿಲ್ಲ ಅಂದರು ಡಾಕ್ಟರು. ಅಕ್ಷರ ಸಣ್ಣದಾಗುವುದೂ ಅದರಿಂದಲೇ ಅಂತೆ. ಲ್ಯಾಬಿನಲ್ಲಿ ಈಗ ನಾನು ಹಲ್ಲು ಮಾಡುವುದಿಲ್ಲ, ಬೇರೆಯವರು ಮಾಡಿದ್ದನ್ನು ನೋಡಿ ಸರಿಯಿದೆ ಅನ್ನುತ್ತೇನೆ, ಅಷ್ಟೇ. ನಿನಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಮನೆಯಲ್ಲಿ ಒಂದು ಕೈಯಿಂದ ಇನ್ನೊಂದನ್ನು ಒತ್ತಿ ಹಿಡಿದು ಕೂರುತ್ತೇನೆ.

ಆವತ್ತು ಯಜಮಾನಿ ವಾಚನ್ನು ಮಗುಚಿದಂತೆಯೇ ನನ್ನ ಬಲ ಅಂಗೈ ಮೇಲಿಟ್ಟರು. ಯಾರೂ ಕಟ್ಟಿಕೊಳ್ಳದೆ ಬಿದ್ದಿದ್ದ ವಾಚು, ನಿಂತುಹೋಗಿತ್ತು. ಒಳಗೆ ಅರ್ಧಚಂದ್ರದಂಥ ಒಂದು ತೂಕವಿದೆ. ಕೈ ಆಡಿದ ಹಾಗೆಲ್ಲ ಅದು ತಿರುಗಿ ಸ್ಪ್ರಿಂಗು ಸುತ್ತುತ್ತದೆ. ನನ್ನ ಕೈ ಅದುರತೊಡಗಿತು. ನಾಚಿಕೆಯಾಗಿ ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಆಕೆ ಮೆಲ್ಲಗೆ, ಇರಲಿ ಬಿಡಿ, ಹಾಗೇ ಹಿಡಿದುಕೊಳ್ಳಿ ಅಂದರು.

ಆ ತೂಕ ತೊಟ್ಟಿಲ ಹಾಗೆ ತೂಗಿತು. ಸ್ವಲ್ಪ ಹೊತ್ತಿಗೆ ಮೂಲೆಯ ಪುಟಾಣಿ ಚಕ್ರವೊಂದು ಮಿಸುಕಿತು, ನಿಂತಿತು, ಮತ್ತೆ ಮಿಸುಕಿತು. ಆಮೇಲೆ ನಿಲ್ಲಲಿಲ್ಲ. ಅತ್ತಿತ್ತ, ಅತ್ತಿತ್ತ, ನಿದ್ದೆಯಲ್ಲಿರುವ ಕೂಸಿನ ಹೊಟ್ಟೆಯ ಹಾಗೆ ಆಡುತ್ತಲೇ ಇತ್ತು. ನಾನು ಕೀಲಿ ಕೊಟ್ಟಿರಲಿಲ್ಲ, ಬೆರಳು ಅಲ್ಲಾಡಿಸಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದು ಅಂತ ಒತ್ತಿ ಹಿಡಿಯುತ್ತಿದ್ದೆನಲ್ಲ, ಆ ನಡುಕವೇ ಅದನ್ನು ಓಡಿಸಿತ್ತು. ಯಜಮಾನಿಯೂ ಬಗ್ಗಿದರು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

ತಿಂಗಳ ಕೊನೆಯವರೆಗೆ ಯಾರಿಗೂ ಕೊಡಬೇಡಿ ಅಂದೆ. ಕೇಳುವವರಿದ್ದರೆ ತಾನೇ ಕೊಡುವುದು ಅಂತ ನಕ್ಕರು.

ತಗೊಳ್ಳಲಾ, ಬೇಡವಾ, ಬರೆದು ತಿಳಿಸು. ಕೈಯ ವಿಷಯವನ್ನು ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಅವಸರ ಮಾಡಬೇಡ. ಹೇಗೆ ಶುರು ಮಾಡುವುದು ಅಂತಲೇ ತೋಚುತ್ತಿಲ್ಲ.

ಬೇಗ ಮಲಗು, ಕಣ್ಣು ಹಾಳುಮಾಡಿಕೊಳ್ಳಬೇಡ.

ನಿನ್ನ
ಅಮ್ಮ

ಕಾಗದ ಮಡಚಿದ ಮೇಲೆ: ಈಗ ತಾನೇ ಅಪ್ಪ ಟೀ ತಂದರು. ಎಂದಿನಂತೆ ಅರ್ಧ ಲೋಟ. ಎಷ್ಟೋ ತಿಂಗಳಿಂದ ಹೀಗೇ ಕೊಡುತ್ತಿದ್ದಾರೆ, ಹಾಲು ಉಳಿಸುತ್ತಿದ್ದಾರೆ ಅಂದುಕೊಂಡಿದ್ದೆ. ಯಾಕೆ ಯಾವಾಗಲೂ ಅರ್ಧವೇ ಅಂತ ಇವತ್ತು ಕೇಳಿಯೇ ಬಿಟ್ಟೆ. ತುಂಬಿಸಿ ಕೊಟ್ಟರೆ ನಿನ್ನ ಕೈಮೇಲೆ ಚೆಲ್ಲುತ್ತದಲ್ಲ ಅಂದರು. ಉಳಿದರ್ಧ ತರಲು ಒಳಗೆ ಹೋಗಿದ್ದಾರೆ.